ಕಡಿದುಹೋದ ರೆಂಬೆ

ಆಂಬುಲೆನ್ಸ್ ಓಡಿಸುವ ಭಾವ ಮನೆಗೆ ಬಂದವರೇ ಷೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಅಕ್ಕ ಮುಖ ನೋಡಿ ನೀರು ಕೊಟ್ಟಳು. ಊಟಕ್ಕೆ ಕೂತಿದ್ದ ತಂಗಿ ಕೇಳಿದಳು.

"ಏನಾಯ್ತು ಭಾವ?"

"ಗಿರಣಿ ಬೀದೀಲಿ ಒಬ್ಬ ಬಾಣಂತಿ. ರಕ್ತ ನಿಲ್ತಾ ಇರಲಿಲ್ಲ. ಊರಿನ ಈ ತುದಿಯಿಂದ ನಮ್ಮನ್ನ ಅಟ್ಟಿದ್ರು. ಅವರ ಹಿಂದಿನ ಬೀದೀಲೇ ಇನ್ನೊಂದು ಗಾಡಿ ಸುಮ್ನೆ ನಿಂತಿತ್ತು ಕಣಮ್ಮ. ನಾವು ಮುಟ್ಟೋ ಹೊತ್ತಿಗೆ ಕೈಕಾಲು ತಣ್ಣಗಾಗಿತ್ತು."

ತಂಗಿಯ ತುತ್ತು ಕೈಯಲ್ಲೇ ಉಳಿಯಿತು. ತುರ್ತು ಕರೆಯನ್ನು ಹತ್ತಿರದ ಗಾಡಿಗೆ ಮುಟ್ಟಿಸುವ ಪ್ರೋಗ್ರಾಂ ಬರೆದವಳು ಅವಳೇ. ಕರೆ ಯಾವ ಬೀದಿಯದೆಂದು ಹೇಳುವ ಲ್ಯಾಂಡ್‌ಲೈನ್ ನಂಬರಿನ ಅಂಕಿಗಳನ್ನು ಮೊದಲಿನಿಂದ ಒಂದೊಂದಾಗಿ ಹಿಡಿದು, ಬುಡದಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ ಸಾಗುವ ಮರ ಅದು. ಅಂಕಿಗಳು ಹೊಂದುತ್ತಾ ಹೋದಷ್ಟು ದೂರ ಹೋಗಿ, ಕೊನೆಗೆ ಸಿಕ್ಕ ಆಂಬುಲೆನ್ಸ್ ಕೇಂದ್ರಕ್ಕೆ ಕರೆ ಕೊಡುತ್ತದೆ. ಏನೂ ಸಿಗದಿದ್ದರೆ ಮುಖ್ಯ ಕೇಂದ್ರಕ್ಕೆ, ಭಾವ ಇರುವಲ್ಲಿಗೆ. ನಂಬರಿರಲಿ, ಹೆಸರಿರಲಿ, ವಿಳಾಸವಿರಲಿ, ಎಲ್ಲಕ್ಕೂ ಒಗ್ಗುವ ಒಂದೇ ಮರ ಕಟ್ಟಿದ್ದಕ್ಕೆ ಆಫೀಸಿನಲ್ಲಿ ಅವಳ ಬೆನ್ನು ತಟ್ಟಿದ್ದರು.

ಬೆಳಿಗ್ಗೆ ಹೋಗಿ ಕೋಡ್ ತೆರೆದಳು. ಹಿಂದಿನ ವಾರ ಮುಚ್ಚಿದ ಒಂದು ಕೇಂದ್ರವನ್ನು ಮರದಿಂದ ತೆಗೆದಿದ್ದರು. ಅವಳ ಕೋಡ್ ಅದೊಂದನ್ನೇ ಅಳಿಸಿ ಸುಮ್ಮನಾಗದೆ, ಅದರಾಚೆ ಬೆಳೆದ ರೆಂಬೆಗಳನ್ನೆಲ್ಲ ಕಡಿದುಹಾಕಿತ್ತು. ಗಿರಣಿ ಬೀದಿ ಅವುಗಳಲ್ಲೊಂದು; ಅದಕ್ಕೇ ಅಲ್ಲಿನ ಕರೆ ಮುಖ್ಯ ಕೇಂದ್ರಕ್ಕೆ ಹೋಗಿತ್ತು. ಸರಿಪಡಿಸಲು ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಎದ್ದು ಹೋಗಿ ಮ್ಯಾನೇಜರ್‌ಗೆ ಎಲ್ಲ ಹೇಳಿದಳು.

ಅವನು ಬಾಗಿಲು ಮುಚ್ಚಿದ. "ಸರಿ ಮಾಡಿದ್ರಲ್ಲ, ಮುಗೀತು. ಲೈನ್ ತೊಂದರೆ ಅಂತ ಬರೆದುಬಿಡಿ. ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡಿ."

"ಇಲ್ಲದ್ದಲ್ಲ ಸರ್. ವಾರವಿಡೀ ಆ ಕಡೆಯ ಕರೆಗಳೆಲ್ಲ ದಾರಿ ತಪ್ಪಿವೆ. ಇನ್ನು ಯಾರ್ಯಾರ ಮನೇಲಿ ಏನಾಗಿದೆಯೋ, ನೋಡಬೇಕಲ್ಲ?"

"ಆಮೇಲೆ ನಿಮ್ಮ ಬೆನ್ನಿಗೆ ನಾನಿರಲ್ಲ."

ಇದ್ದದ್ದನ್ನು ಇದ್ದ ಹಾಗೇ ಬರೆದು ಆರೋಗ್ಯ ಇಲಾಖೆಗೆ ಕಳಿಸಿದಳು. ಸಂಜೆಯೊಳಗೆ ಗುರುತಿನ ಚೀಟಿ ಕಿತ್ತುಕೊಂಡು ಮನೆಗೆ ಕಳಿಸಿದರು.

ಭಾವ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. "ಆ ಬಾಣಂತಿಯ ಗಂಡ ನನ್ನ ಕಾಲರ್ ಹಿಡಿದಿದ್ದ. ಎಲ್ಲಿ ಸತ್ತಿದ್ರಿ ಅಂದ."

"ನಾನೇ ಹೋಗಿ ಹೇಳ್ತೀನಿ. ಮನೆ ತೋರಿಸಿ ಭಾವ."

ಬಾಗಿಲು ತೆರೆದವನ ಹೆಗಲ ಮೇಲೆ ಕೂಸು ಮಲಗಿತ್ತು. ಹೊಸ್ತಿಲಾಚೆ ನಿಂತೇ ಅವಳು ತನ್ನಿಂದಾದ ತಪ್ಪನ್ನು ಹೇಳಿದಳು. ಅವನು ಕೂಗಾಡಲಿಲ್ಲ.

"ಗಾಡಿ ಹಿಂದಿನ ಬೀದೀಲೇ ಇತ್ತಾ?" ಎಂದಷ್ಟೇ ಕೇಳಿದ.

"ಅಲ್ಲೇ ಇತ್ತು."

ಅವನು ಕೂಸಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಬಾಗಿಲು ಮುಚ್ಚಿಕೊಂಡ. ಭಾವ ಆಗಲೇ ಬೀದಿಗಿಳಿದು ನಡೆಯತೊಡಗಿದ್ದರು. ಅವಳಿಗಾಗಿ ನಿಲ್ಲಲಿಲ್ಲ.