ಚಿಟ್ಟೆ ಹುಲಿ

ಬಣ್ಣ ಹಚ್ಚಿಸಿಕೊಂಡವರು ಕೂರುವಂತಿಲ್ಲ. ಒಣಗುವ ತನಕ ಕೈಗಳನ್ನು ಅಗಲಿಸಿ, ಅಡ್ಡ ಕಟ್ಟಿದ ಬಿದಿರು ಹಿಡಿದು ನಿಂತಿರಬೇಕು. ಡೊಂಬಿವಲಿ ಪೂರ್ವದ ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ ಹಾಗೆ ಸಾಲಾಗಿ ನಿಂತಿದ್ದ ಗಂಡಸರನ್ನು ಐಶ್ವರ್ಯಾ ಕ್ಯಾಮೆರಾ ಎತ್ತದೆ ನೋಡುತ್ತಿದ್ದಳು. ನವರಾತ್ರಿಯುದ್ದಕ್ಕೂ ಠಾಣೆ, ಕಲ್ಯಾಣಗಳ ಗರ್ಬಾ ಮೈದಾನಗಳಲ್ಲಿ ಫೋಟೊ ತೆಗೆದು ಅವಳಿಗೆ ಬಣ್ಣವೆಂದರೆ ಸಾಕಾಗಿಹೋಗಿತ್ತು. ಇಂದು ದಸರೆ. ತುಳುವರ ಸಂಘದ ಹುಲಿವೇಷದ ಮೆರವಣಿಗೆ ಮುಗಿದರೆ ಮಲಗಬಹುದು.

"ಮೇಡಂ, ಒಂದು ನಿಮಿಷ ಉಂಟಾ?"

ಕರೆದವನು ಯಜ್ಞೇಶ್ವರ, ಖಾರಘರದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವವನು. ಐವತ್ತು ದಾಟಿದ ಹೊಟ್ಟೆ. ಅವನ ಸರದಿ ಇನ್ನೂ ಬಂದಿರಲಿಲ್ಲ. ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದ.

"ಕುಣಿಯುವಾಗ ನನ್ನದೊಂದು ಚಂದದ ಫೋಟೊ ತೆಗೀಬೇಕು ನೀವು. ಮನೆಯವಳಿಗೆ ಕಳಿಸ್ಲಿಕ್ಕೆ."

"ಅವ್ರು ನೋಡಾಕ ಬಂದಿಲ್ಲೇನ್ರಿ?"

"ವೇದಾವತಿಯಾ? ದಸರೆಗೆ ಅವಳಿಗೆ ಹೋಳಿಗೆ ಆರ್ಡರ್. ಮದುವೆಯಾದ ಮೇಲೆ ಒಂದು ಸಲವೂ ನನ್ನ ವೇಷ ನೋಡಿದ್ದಿಲ್ಲ. ಹೋದ ವರ್ಷ ಗ್ರೂಪಿನಲ್ಲಿ ಫೋಟೊ ಬಂತಲ್ಲ, ಯಾರದ್ದೋ ಹೊಟ್ಟೆ ನೋಡಿ ಇದು ನೀವೇ ಅಂದಳು. ಸ್ಟೇಟಸ್ ಸಹ ಇಟ್ಟಳು ಮಾರಾಯ್ರೇ. ಅದು ಕಲ್ವಾದ ಒಬ್ಬ ಕೇಟರಿಂಗಿನವ." ನಕ್ಕ. ನಗು ಅಲ್ಲಿಗೇ ನಿಂತಿತು. "ಗಂಟು ಸವೆದಿದೆ ಅಂದ ಡಾಕ್ಟ್ರು. ಮುಂದಿನ ವರ್ಷ ನನ್ನ ವೇಷ ಇಲ್ಲ. ಒಮ್ಮೆಯಾದ್ರೂ ಅವಳು ನೋಡಿ ಗುರುತು ಹಿಡೀಬೇಕು."

"ಬಣ್ಣ ಹಚ್ಚಿದ ಮ್ಯಾಲ ನಾನss ಹೆಂಗ ಗುರ್ತು ಹಿಡೀಲಿ ನಿಮ್ಮನ್ನ? ಎಲ್ಲಾರೂ ಸೇಮ್ ಟು ಸೇಮ್."

"ಅದು ಸುಲಭ. ಚಿಟ್ಟೆ ಹುಲಿ ನಾನೊಬ್ಬನೇ. ಚಿಟ್ಟೆ. ಮರೀಬೇಡಿ, ಆಯ್ತಾ?"

ಐಶ್ವರ್ಯಾಳ ಮನೆಯವರು ವಿಜಯಪುರದ ಕಡೆಯವರು. ಅಲ್ಲಿ ಪಾತರಗಿತ್ತಿ ಎನ್ನುತ್ತಾರೆ. ಚಿಟ್ಟೆ ಎಂಬುದು ಪುಸ್ತಕದ ಮಾತು, ಆದರೂ ಅವಳಿಗೆ ಗೊತ್ತಿತ್ತು. ಗೊತ್ತಿದೆಯಲ್ಲ ಎಂದು ಇನ್ನೇನೂ ಕೇಳದೆ ಚಹಾ ಕುಡಿಯಲು ಹೋದಳು.

ಅವಳು ಮರಳುವಷ್ಟರಲ್ಲಿ ತಾಸೆಯವರು ವಾದ್ಯ ಬಡಿಯಲು ಶುರುಮಾಡಿದ್ದರು. ಹುಲಿಯ ತಲೆ ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಗೇಟು ದಾಟಿದರು. ಹಳದಿ, ಕಪ್ಪು, ಬಿಳಿ. ಒಬ್ಬನ ಬೆನ್ನಿನ ತುಂಬ ರೆಕ್ಕೆ ಬಿಚ್ಚಿದ ನೀಲಿ ಚಿಟ್ಟೆ. ಅವಳು ಕ್ಯಾಮೆರಾದಲ್ಲಿ ಅವನನ್ನೇ ಹಿಂಬಾಲಿಸಿದಳು. ಬೆಳಗ್ಗೆ ಕಂಡದ್ದಕ್ಕಿಂತ ಮೈ ತೆಳ್ಳಗೆ ಅನಿಸಿತು. ಬಣ್ಣ ಬಿದ್ದರೆ ಹಾಗೆ ಕಾಣುತ್ತದೇನೋ. ಯೋಚಿಸುವಷ್ಟು ತ್ರಾಣ ಇರಲಿಲ್ಲ.

ಬಿಸಿಲು ಸುಡುತ್ತಿತ್ತು. ಹಿಂದೆ ಸಿಕ್ಕಿಬಿದ್ದ ರಿಕ್ಷಾಗಳು ಹಾರ್ನ್ ನಿಲ್ಲಿಸಲಿಲ್ಲ. ಹೆಂಗಸರು ಮಕ್ಕಳನ್ನು ತಂದು ಹುಲಿಗಳ ಕಾಲ ಬಳಿ ನಿಲ್ಲಿಸಿದರು, ಮಕ್ಕಳು ಅತ್ತವು. ನೀಲಿ ಚಿಟ್ಟೆಯವನು ಹಿಂದಕ್ಕೆ ಪಲ್ಟಿ ಹೊಡೆದ. ಈ ಮೊಣಕಾಲಿನಲ್ಲಿ ಇಷ್ಟೊಂದು ಬಲವೇ ಎಂದು ಅವಳಿಗೆ ಒಮ್ಮೆ ಅನಿಸಿತು. ಆ ಹೊತ್ತಿಗೆ ಬೆರಳು ಒತ್ತಿಯಾಗಿತ್ತು. ಫೋಟೊ ಚೆನ್ನಾಗಿ ಬಂತು. ಅವಳು ಫೋನಿನಲ್ಲಿ ವಿಡಿಯೊ ಕೂಡ ಮಾಡಿಕೊಂಡಳು.

ಸಂಜೆ ಪಾರ್ಕಿಂಗಿನಲ್ಲಿ ತೆಂಗಿನೆಣ್ಣೆಯ ವಾಸನೆ. ಹುಲಿಗಳು ಹಳೆಯ ಬನಿಯನ್ನುಗಳಿಂದ ಮೈ ಉಜ್ಜಿಕೊಳ್ಳುತ್ತಿದ್ದವು. ನೀಲಿ ಚಿಟ್ಟೆಯವನು ಹುಲಿಯ ತಲೆ ಬಿಚ್ಚಿ ಅವಳ ಕಡೆ ಬಂದ. ಇಪ್ಪತ್ತರ ಹುಡುಗ.

"ದೀದಿ, ಮೇರಾ ವಾಲಾ ವಿಡಿಯೊ ಭೇಜೋ ನಾ. ಹಿತೇಶ್ ನಾಮ್ ಸೇ ಟ್ಯಾಗ್ ಕರ್ನಾ."

ತನ್ನ ವಿಡಿಯೊ ಕಳಿಸೆಂದು ಕೇಳುತ್ತಿದ್ದ ಅವನ ಮುಖವನ್ನು ಅವಳು ನೋಡಿದಳು. ಆಮೇಲೆ ಕಂಬದ ಬಳಿ ಕಾಲು ಚಾಚಿ ಕುಳಿತಿದ್ದವನನ್ನು ನೋಡಿದಳು. ಅವನ ಮೈಮೇಲೆ ಪಟ್ಟೆಗಳಿರಲಿಲ್ಲ. ಕುತ್ತಿಗೆಯಿಂದ ಪಾದದ ತನಕ ದುಂಡು ದುಂಡು ಕಪ್ಪು ಚುಕ್ಕಿ. ಇನ್ನೂ ಎಣ್ಣೆ ಹಚ್ಚಿಕೊಂಡಿರಲಿಲ್ಲ.

"ಹೇಗೆ ಬಂತು ಮೇಡಂ ನನ್ನದು?" ಎಂದ ಯಜ್ಞೇಶ್ವರ.

"ಅಂಕಲ್, ನೀವು ಚಿಟ್ಟೆ ಅಂದಿದ್ರಿ. ಇವನ ಬೆನ್ನ ಮ್ಯಾಲ ಚಿಟ್ಟೆ ಐತಿ."

ಅವನು ಹಿತೇಶನ ಬೆನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆ ಹಾರುವ ಚಿಟ್ಟೆಯಾ? ಅಯ್ಯೋ ಮಾರಾಯ್ತಿ. ತುಳುವಿನಲ್ಲಿ ಚಿಟ್ಟೆ ಪಿಲಿ ಅಂದರೆ ಚಿರತೆ." ಮತ್ತೆ ಕೇಳಿದ, "ನನ್ನದು ಒಂದೂ ಇಲ್ವಾ?"

ಅವಳು ಎಲ್ಲವನ್ನೂ ಹಿಂದಕ್ಕೆ ಸರಿಸಿ ನೋಡಿದಳು. ಒಂದರಲ್ಲಿ ಚುಕ್ಕಿಯ ಮೊಣಕೈ. ಇನ್ನೊಂದರಲ್ಲಿ ಬಾಲದ ತುದಿ. "ಇಲ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹೋಗಲಿ ಬಿಡಿ," ಎಂದು ಬನಿಯನ್ನಿಗೆ ಕೈ ಚಾಚಿದ.

"ಒರೆಸಬ್ಯಾಡ್ರಿ. ಇಲ್ಲೇ ಒಂದೀಟು ಕುಣೀರಿ, ತಗೀತೀನಿ."

"ತಾಸೆ ಇಲ್ಲದೆ ಕಾಲು ಏಳುದಿಲ್ಲ. ಅವರು ಆಗಲೇ ಸ್ಟೇಷನ್ನಿಗೆ ಹೋಗಿ ಆಯ್ತು."

ಅವಳು ವಿಡಿಯೊ ಹಚ್ಚಿ ಫೋನನ್ನು ಒಂದು ಖಾಲಿ ಬಕೆಟ್ಟಿನೊಳಗೆ ಇಟ್ಟಳು. ತಾಸೆಯ ಸದ್ದು ಗುಡುಗಿದಂತೆ ಹೊರಬಂತು. ಅದು ಹಿತೇಶನ ಕುಣಿತಕ್ಕೆ ಬಡಿದ ತಾಸೆ. ಯಜ್ಞೇಶ್ವರ ಕಂಬ ಹಿಡಿದು ಎದ್ದ, ಹುಲಿಯ ತಲೆ ಕಟ್ಟಿಕೊಂಡ. ಒಂದು ಹೆಜ್ಜೆ, ತಿರುವು, ಬಾಗಿ ಉಗುರು ಚಾಚುವುದು. ಹಿತೇಶ್ ಕುಣಿದಷ್ಟು ಚುರುಕಾಗಿ ಅಲ್ಲ, ಆದರೆ ಅವನು ಹುಲಿಯೇ ಆಗಿದ್ದ. ಎರಡನೇ ತಿರುವಿಗೆ ಮೊಣಕಾಲು ಮಡಚಿತು. ಅವನು ಸ್ಕೂಟರೊಂದನ್ನು ಹಿಡಿದು ನಿಂತ.

"ಸಿಕ್ಕಿತಾ?"

"ಸಿಕ್ತು."

ಒಂದು ಸಿಕ್ಕಿತ್ತು. ಬೆಳಕು ಸಾಲದೆ ಸ್ವಲ್ಪ ಅಲುಗಿತ್ತು. ಕಣ್ಣು ಮಾತ್ರ ನೇರವಾಗಿ ನೋಡುತ್ತಿತ್ತು. ಅವನ ಕೈ ತುಂಬ ಬಣ್ಣವಿದ್ದುದರಿಂದ ಅವಳೇ ಅದನ್ನು ಅವನ ಫೋನಿಗೆ ಇಳಿಸಿ ವೇದಾವತಿಗೆ ಕಳಿಸಿದಳು. ಮೂವರೂ ಫೋನನ್ನು ನೋಡುತ್ತ ನಿಂತರು. ಉತ್ತರ ಧ್ವನಿಯಲ್ಲಿ ಬಂತು, ಹಿಂದೆ ಮಿಕ್ಸರಿನ ಗದ್ದಲ.

"ಉಂದು ಏರ್?"

ತುಳು ತಿಳಿಯದ ಐಶ್ವರ್ಯಾ ಹಿತೇಶನತ್ತ ನೋಡಿದಳು. "ಪೂಛ್ ರಹೀ ಹೈ, ಯೇ ಕೌನ್ ಹೈ," ಎಂದ ಅವನು ಮೆಲ್ಲಗೆ. ಇದು ಯಾರು ಎಂದು ಕೇಳಿದ್ದಳು ವೇದಾವತಿ.

ಯಜ್ಞೇಶ್ವರ ಗದ್ದ ಮುಂದೆ ಮಾಡಿ ಮೈಕು ಒತ್ತಲು ಸನ್ನೆ ಮಾಡಿದ. ಅವಳು ಒತ್ತಿ ಹಿಡಿದಳು.

"ಯಾನ್," ಎಂದ. ನಾನು ಎಂದನೆಂದು ಐಶ್ವರ್ಯಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇನ್ನೂ ಏದುಸಿರು ಬಿಡುತ್ತಿದ್ದ. "ಯಾನ್ ಮಾರಾಯ್ತಿ."