ಟೆಸ್ಟ್ ಕ್ಯಾಸೆಟ್ಟಿನಲ್ಲಿ ಅಜ್ಜಿ

ಟೇಪ್ ತಾತನ ಕಿವಿಯ ಬಗ್ಗೆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ರಿಪೇರಿಗೆ ಬಂದದ್ದು ರೇಡಿಯೋ ಇರಲಿ, ಟೇಪ್ ರೆಕಾರ್ಡರ್ ಇರಲಿ, ಒಂದು ಗಳಿಗೆ ಕೇಳಿದರೆ ಸಾಕು, ಮೋಟಾರು ಎಳೆಯುತ್ತಿದೆಯೋ ಹೆಡ್ಡಿಗೆ ಕೊಳೆ ಹಿಡಿದಿದೆಯೋ ಹೇಳಿಬಿಡುತ್ತಿದ್ದ. ಅಂಥ ಕಿವಿ ಮನೆಯೊಳಗೆ ಕಾಲಿಟ್ಟರೆ ರಜೆ ಹಾಕುತ್ತಿತ್ತು. ಸಕ್ಕರೆ ಮುಗಿದಿದೆ, ನಲ್ಲಿ ಸೋರುತ್ತಿದೆ, ಮಗಳಿಗೆ ಜ್ವರ ಎಂದು ಹೆಂಡತಿ ಒಂದೊಂದನ್ನೂ ಮೂರು ಸಲ ಹೇಳಬೇಕಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಎಂದು ನಕ್ಕು ಸುಮ್ಮನಾಗುತ್ತಿದ್ದಳು. ನಗುವವರಿಗೆ ಬೇಸರವೇ ಆಗುವುದಿಲ್ಲ ಎಂದು ಗಂಡಸರು ಯಾವ ಶಾಲೆಯಲ್ಲಿ ಕಲಿಯುತ್ತಾರೋ ದೇವರಿಗೇ ಗೊತ್ತು.

ಅವಳು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆ ಭಾನುವಾರ ಮಗಳೂ ಮೊಮ್ಮಗಳೂ ಬಂದು ನಡುಮನೆಯಲ್ಲಿ ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತಿದ್ದರು. ಮೊಮ್ಮಗಳ ಮಡಿಲಲ್ಲಿ ಎಳೆಗೂಸು. ಮೊಮ್ಮಗಳು ಅಜ್ಜಿಯ ಕೈಯಲ್ಲೇ ಬೆಳೆದವಳು. ತಾಯಿ ಕೆಲಸಕ್ಕೆ ಹೊರಟರೆ ತಲೆ ಬಾಚಿ, ಮಗ್ಗಿ ಹೇಳಿಸಿ ಶಾಲೆಗೆ ಬಿಡುತ್ತಿದ್ದವಳು ಅಜ್ಜಿಯೇ. ಶಾಲೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಟೀಚರ್ ಮುಂದೆ ಅದಕ್ಕಿಂತ ದೊಡ್ಡ ಸುಳ್ಳು ಹೇಳಿ ಪಾರು ಮಾಡುತ್ತಿದ್ದವಳೂ ಅವಳೇ. ಫೋಟೋದಲ್ಲಿ ಮುಖವೇನೋ ಇದೆ, ಆದರೆ ನನ್ನ ಮಗು ಮುತ್ತಜ್ಜಿಯ ದನಿ ಕೇಳಬೇಕು ಎಂದಳು ಮೊಮ್ಮಗಳು. ಊರಿನವರ ದನಿಯನ್ನೆಲ್ಲ ರಿಪೇರಿ ಮಾಡಿದ ತಾತನ ಹತ್ತಿರ ಅಜ್ಜಿಯ ದನಿ ಇಲ್ಲದೆ ಇರುತ್ತದೆಯೇ ಎನ್ನುವುದು ಅವಳ ಲೆಕ್ಕ.

ತಾತನ ಹತ್ತಿರ ಒಂದು ಕಾಲಕ್ಕೆ ದನಿ ಇತ್ತು, ಬೇಕಾದಷ್ಟು ಇತ್ತು. ರಿಪೇರಿಯಾದ ಪ್ರತಿ ಮಷೀನಿಗೂ ಟೆಸ್ಟ್ ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಏರಿಸಿಕೊಂಡು, ಅಡಿಗೆಮನೆಯ ಕಡೆ ಕೂಗುತ್ತಿದ್ದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮೈಕಿನ ಮುಂದೆ ಕೂರುತ್ತಿದ್ದಳು. ಪಕ್ಕದ ಮನೆಯ ಜಗಳ, ಮಗಳ ತಂಟೆ, ತರಕಾರಿಯವನ ತೂಕದ ಮೋಸ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದಳು. ಇವನ ಕಣ್ಣು ಮೀಟರಿನಲ್ಲಿ ಅಲ್ಲಾಡುವ ಮುಳ್ಳಿನ ಮೇಲೆ, ಕಿವಿ ಸದ್ದಿನ ಏರಿಳಿತದ ಮೇಲೆ. ಮಾರನೆಯ ದಿನ ಅದೇ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡು. ಹೊಸ ಕ್ಯಾಸೆಟ್ಟು ಯಾಕೆ ದಂಡ ಎನ್ನುವುದು ಅವನ ವಾದ. ಹೀಗೆ ಒಂದು ಕೈಯಲ್ಲಿ ತುಂಬಿಸಿ ಇನ್ನೊಂದು ಕೈಯಲ್ಲಿ ಅಳಿಸುತ್ತ ಬಂದಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದು ಇದೇ.

ಅವಳು ಹೋದ ಮೇಲೂ ಯಾರೋ ಒಂದು ಮಷೀನು ತಂದಿದ್ದರು. ಕೂಗಿದರೆ ಬರುವವರಿಲ್ಲ. ಕೈಯ ಅಭ್ಯಾಸ ಬಿಡಬೇಕಲ್ಲ. ಅದೇ ಕ್ಯಾಸೆಟ್ಟು ಹಾಕಿ ತಾನೇ ಅಂಕಿ ಎಣಿಸಿದ್ದ. ರೆಕಾರ್ಡಿನ ಕೆಂಪು ಬಟನ್ ಒತ್ತಿದ ಮೇಲೆ, ಅಳಿಸಿದ್ದು ಅವಳ ಕೊನೆಯ ದನಿ ಎಂದು ಬುದ್ಧಿ ಬಂದಿತ್ತು. ಅಂದಿನಿಂದ ಆ ಕ್ಯಾಸೆಟ್ಟನ್ನು ಮುಟ್ಟುವ ಧೈರ್ಯ ಅವನಿಗಾಗಿರಲಿಲ್ಲ.

ಇದನ್ನು ಹೇಳಲು ಬಾಯಿ ಬಾರದೆ, ಮುಂದಿನ ಕೋಣೆಯ ಅಂಗಡಿಯಿಂದ ಕ್ಯಾಸೆಟ್ಟು ತಂದು ಹಾಕಿದ. ತನ್ನದೇ ಒಡಕು ದನಿ ಒಂದು, ಎರಡು, ಮೂರು ಎಂದಿತು. ಹತ್ತರವರೆಗೆ ಹೋಗಿ ನಿಂತಿತು. ಆಮೇಲೆ ಬರೀ ಸುಂಯ್ ಎನ್ನುವ ಸದ್ದು. ಮೊಮ್ಮಗಳ ಮುಖ ಸಪ್ಪಗಾಯಿತು. ತಾತ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಟಕ್ ಎಂದು ಸದ್ದಾಗಿ, ಮಾತಿನ ನಡುವಿನಿಂದ ಅಜ್ಜಿ ಬಂದಳು. ಹತ್ತು ಎಣಿಸುವುದರೊಳಗೆ ಮಾತು ಮುಗಿಸುವ ಹೆಂಗಸೇ ಅಲ್ಲವಲ್ಲ ಅವಳು.

"...ಅದಕ್ಕೇ ಇವತ್ತು ಅಂಗಡಿ ಸ್ವಲ್ಪ ಬೇಗ ಮುಚ್ಚಿ. ಇಬ್ರೂ ಕೆರೆ ತನಕ ನಡ್ಕೊಂಡು ಹೋಗಿ ಬರೋಣ. ನಿಮಗೆ ಒಂದು ವಿಷಯ ಹೇಳ್ಬೇಕು, ಮನೇಲಿ ಹೇಳೋಕೆ ಆಗ್ತಿಲ್ಲ. ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು. ಚೆನ್ನಾಗಿ ಕೇಳಿಸ್ತಿದೆ. ಸಾಕು ಬಿಡು," ಎಂದಿತು ತಾತನ ಹಳೆಯ ದನಿ. ಅಲ್ಲಿಗೆ ಟೇಪು ಖಾಲಿ.

ಮೊಮ್ಮಗಳು ಅಳುತ್ತಲೇ ನಕ್ಕಳು. ಕೂಸಿನ ಕಿವಿಗೆ ಬಾಗಿ, ನೋಡು ನಿನ್ನ ಮುತ್ತಜ್ಜಿ ಎಂದಳು. ಮಗಳು ಮಾತ್ರ ನಗದೆ ಅಪ್ಪನನ್ನೇ ನೋಡುತ್ತಿದ್ದಳು.

"ಕೆರೆ ಹತ್ರ ಅಜ್ಜಿ ಏನು ಹೇಳಿದ್ರು ತಾತ?" ಎಂದು ಮೊಮ್ಮಗಳು ಕೇಳಿದಳು.

ತಾತ ಕಣ್ಣು ಮುಚ್ಚಿಕೊಂಡು ಹುಡುಕಿದ. ಆ ದಿನದ ಮಷೀನು ಕಣ್ಣಿಗೆ ಕಟ್ಟಿದ ಹಾಗೆ ಬಂತು. ಕಪ್ಪು ಬಣ್ಣದ್ದು, ಫೋಟೋ ಸ್ಟುಡಿಯೋದವನದು, ಮುಚ್ಚಳದ ಒಂದು ಮೂಲೆ ಒಡೆದಿತ್ತು. ಟೇಪಿನ ಓಟ ಒಂದು ಎಳೆಯಷ್ಟು ನಿಧಾನ ಎಂದು ಬಿಚ್ಚಿ ಮತ್ತೆ ಕೂಡಿಸಿದ್ದ. ಆ ಸಂಜೆ ಅಂಗಡಿ ಬೇಗ ಮುಚ್ಚಿದನೇ, ಕೆರೆಗೆ ಹೋದರೇ, ಅವಳು ಏನಾದರೂ ಹೇಳಿದಳೇ, ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ.

"ಆ ಮಷೀನಿಗೆ ಹೊಸ ಬೆಲ್ಟು ಹಾಕಿದ್ದೆ ಪುಟ್ಟಿ," ಎಂದ.

ಮೊಮ್ಮಗಳು ಮುಂದಿನ ಮಾತಿಗಾಗಿ ಕಾಯುತ್ತ ಕೂತಳು.