ಐದು ಕಿಲೋ

"ಆ ಹರಕು ಬಾಯಿನ ಅತ್ಲಾಗೆ ತಿರುಗಿಸ್ಕೊಂಡು ಕೂತ್ಕೊಳೇ, ಮುಂಡೇದೆ. ತೂಗಿಸಕ್ಕೆ ಬಂದೋರು ಅದನ್ನ ನೋಡಿ ವಾಂತಿ ಮಾಡ್ಕೋಬೇಕಾ?"

ತಕ್ಕಡಿಯವನು ಹೀಗಂದಾಗ ಅವಳು ತೊಡೆಯ ಮೇಲಿನ ಮಗುವಿನ ಸಮೇತ ಗೋಡೆಯ ಕಡೆ ತಿರುಗಿದಳು. ತಿರುಗಿದಳೇ ಹೊರತು ಕೈಯಲ್ಲಿದ್ದ ಚಮಚ ಕೆಳಗಿಡಲಿಲ್ಲ.

ರದ್ದಿ ಗೋದಾಮಿನಲ್ಲಿ ನಾವು ಹನ್ನೊಂದು ಜನ ಹೆಂಗಸರು. ಬಿಳಿ ಕಾಗದ ಬೇರೆ, ರಟ್ಟು ಬೇರೆ, ಬಾಟಲಿ ಬೇರೆ ಎಂದು ಆರಿಸುವುದು ನಮ್ಮ ಕೆಲಸ. ಆರಿಸಿದ್ದು ಎಷ್ಟು ತೂಗಿತೋ ಅಷ್ಟಕ್ಕೇ ಕೂಲಿ. ನಮ್ಮಲ್ಲಿ ಅವಳೇ ಚಿಕ್ಕವಳು. ಅವಳ ನಾಲ್ಕು ತಿಂಗಳ ಹೆಣ್ಣುಮಗುವಿನ ಮೇಲ್ತುಟಿ ಮೂಗಿನ ತನಕ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಮೊಲೆ ಚೀಪಲು ಆಗುವುದಿಲ್ಲ. ಎದೆಹಾಲನ್ನು ಲೋಟಕ್ಕೆ ಹಿಂಡಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಚಮಚದ ತುದಿಯಿಂದ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಹಾಲು ಮೂಗಿನಿಂದ ಬರುತ್ತದೆ, ಮಗು ಉಸಿರುಗಟ್ಟಿ ನೀಲಿಯಾಗುತ್ತದೆ. ಒಂದು ಲೋಟಕ್ಕೆ ಒಂದು ಗಂಟೆ. ಬೆಳಗಿನ ಲೋಟ ಅವಳ ಗಂಡನದು. ಅದನ್ನು ಕುಡಿಸಿಯೇ ಅವನು ಗುಜರಿ ಗಾಡಿ ತಳ್ಳಿಕೊಂಡು ಹೊರಡುತ್ತಿದ್ದ. ಹಗಲಿನ ಮೂರು ಲೋಟ ಅವಳದು.

"ನಿನ್ ಬಾಯಿ ಹರ್ದಿಲ್ಲ ಕಣೋ, ಆದ್ರೂ ಅದ್ರಿಂದ ಬರೋದೆಲ್ಲ ಹೊಲಸೇ" ಎಂದಳು ಬಾಟ್ಲಿ ಅಜ್ಜಿ. ಬಾಟಲಿ ಆರಿಸಿ ಆರಿಸಿ ಅವಳಿಗೆ ಬಂದ ಹೆಸರು ಅದು. ತಕ್ಕಡಿಯವನಿಗೆ ಎದುರು ಮಾತಾಡುವ ಧೈರ್ಯ ಅವಳೊಬ್ಬಳಿಗೇ ಇತ್ತು. ಅವನ ಪ್ಯಾಂಟಿನ ಬಲ ಮೊಣಕಾಲು ಮಾತ್ರ ಸದಾ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಮನೇಲಿ ಹೆಂಡ್ತಿ ಮುಂದೆ ಒಂದೇ ಕಾಲಲ್ಲಿ ಮಂಡಿಯೂರ್ತಾನೆ ಎಂದು ಅಜ್ಜಿ ಹೇಳಿದರೆ ನಾವು ರಟ್ಟಿನ ರಾಶಿಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದೆವು.

ಆಸ್ಪತ್ರೆಯ ದೊಡ್ಡ ಡಾಕ್ಟರು ಮಗುವಿನ ತಾಯಿಯ ಮುಖ ನೋಡಿ ಮಾತಾಡಲೇ ಇಲ್ಲವಂತೆ. ಓದುವ ಹುಡುಗರನ್ನು ಕರೆದು, ಮಗುವಿನ ಬಾಯಿಗೆ ಟಾರ್ಚು ಬಿಟ್ಟು, ಬನ್ನಿ, ಒಳ್ಳೇ ಕೇಸು ಇದು ಎಂದರಂತೆ. ಏಳು ಜನ ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು. ಅಷ್ಟು ಒಳ್ಳೇದಿದ್ರೆ ನಾನೂ ನೋಡ್ಬಾರ್ದಾ ಅಂತ ಎಂಟನೆಯವಳಾಗಿ ನಾನೂ ಬಗ್ಗಿದೆ ಎಂದು ಹೇಳಿ ಅವಳು ನಮ್ಮೆದುರು ನಕ್ಕಳು. ಆಮೇಲೆ ನರ್ಸಮ್ಮ ವಿವರಿಸಿದ್ದಳು. ಬರುವ ತಿಂಗಳು ತುಟಿ ಹೊಲಿಯುವ ಡಾಕ್ಟರುಗಳು ಹೊರಗಿನಿಂದ ಬರುತ್ತಾರೆ, ಒಂದು ವಾರ ಇರುತ್ತಾರೆ. ಆ ವಾರ ತಪ್ಪಿದರೆ ಮತ್ತೆ ಬರುವುದು ಎಂಟು ತಿಂಗಳ ಮೇಲೆ. ಬರುವ ತಿಂಗಳ ಹೊತ್ತಿಗೆ ಮಗು ಐದು ಕಿಲೋ ಆಗಿರಬೇಕು. ಇಲ್ಲದಿದ್ದರೆ ಮತ್ತು ಬರುವ ಔಷಧಿ ಕೊಡುವುದಿಲ್ಲ, ತುಟಿ ಹೊಲಿಯುವುದೂ ಇಲ್ಲ. ತುಟಿ ಹೊಲಿಯುವುದು ತಡವಾದರೆ ಅಂಗುಳ ಹೊಲಿಯುವುದೂ ತಡವಾಗುತ್ತದೆ, ಮಾತು ಕಲಿಯುವ ವಯಸ್ಸಿಗೆ ಎಲ್ಲ ಮಾತೂ ಮೂಗಿನಲ್ಲೇ ಸೋರಿ ಹೋಗುತ್ತದೆ.

ಅವತ್ತಿನಿಂದ ನಮಗೆಲ್ಲ ಐದು ಕಿಲೋದ್ದೇ ಧ್ಯಾನ. ಡಾಕ್ಟರುಗಳು ಬರಲು ಮೂರು ವಾರ ಇರುವಾಗ, ತಕ್ಕಡಿಯವನು ಊಟಕ್ಕೆ ಹೋದ ಹೊತ್ತು ನೋಡಿ ಮಗುವನ್ನು ತೂಗಿದೆವು. ತೊಲೆಗೆ ನೇತುಹಾಕಿದ ಮುಳ್ಳಿನ ತಕ್ಕಡಿ ಅದು, ಕೆಳಗೆ ಸರಪಳಿಯಲ್ಲಿ ತೂಗುವ ಕಬ್ಬಿಣದ ತಟ್ಟೆ. ಅಜ್ಜಿ ತನ್ನ ಸೆರಗು ಹಾಸಿ ಮಲಗಿಸಿದಳು. ಮುಳ್ಳು ನಾಲ್ಕು ಕಿಲೋ ಆರುನೂರಕ್ಕೆ ನಿಂತಿತು.

ತಾಯಿಯ ಮುಖ ಸಣ್ಣಗಾಯಿತು. ಆದರೆ ಗಾಡಿ ಇಳಿಸಲು ಬಂದಿದ್ದ ಗಂಡ ಹಿಗ್ಗಿಬಿಟ್ಟ.

"ಲೇ, ಇದು ಯಾರ್ ತಕ್ಕಡಿ ಅಂತ ಮರೆತ್ಯಾ? ನನ್ನ ಹತ್ತು ಕಿಲೋನ ಒಂಬತ್ತು ಅನ್ನೋ ಕಳ್ಳ ಮುಂಡೇದು ಇದು. ಹತ್ತಕ್ಕೆ ಒಂದು ನುಂಗತ್ತೆ. ನಿಜವಾದ ತೂಕ ಐದು ದಾಟೈತೆ."

ಹೌದಲ್ಲ! ನಾವೆಲ್ಲ ಹೌದು ಹೌದು ಎಂದೆವು. ವರ್ಷಗಟ್ಟಲೆ ನಮ್ಮ ಹೊಟ್ಟೆ ಉರಿಸಿದ ತಕ್ಕಡಿ ಅದು. ಅದರ ಕಳ್ಳತನ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೇ ಮಗುವಿನ ತಲೆ ಮುಟ್ಟಿ ಆಣೆ ಮಾಡಿದೆ. ಅಜ್ಜಿಯಂತೂ ತಟ್ಟೆಗೆ ಮುತ್ತಿಟ್ಟಳು.

ಮಾರನೆಯ ದಿನವೇ ತಕ್ಕಡಿಯವನು, ಹಗಲಲ್ಲಿ ಒಂದು ಸಲಕ್ಕಿಂತ ಹೆಚ್ಚು ಚಮಚ ಹಿಡಿದರೆ ಗೇಟಿನಿಂದ ಆಚೆ ಹಾಕುತ್ತೇನೆ ಎಂದ. ಹಿಂದಿನ ವಾರವಾಗಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಈಗ ಒಪ್ಪಿಕೊಂಡಳು. ಹೇಗೂ ಐದು ದಾಟಿದೆ, ಇದ್ದಷ್ಟು ಉಳಿದರೆ ಸಾಕು, ಕೆಲಸ ಯಾಕೆ ಕಳಕೊಳ್ಳಲಿ ಅಂದಳು. ನಾವೂ ಅದನ್ನೇ ಹೇಳಿದೆವು. ಮೂರು ಲೋಟ ಒಂದಾಯಿತು. ಮಗು ಅತ್ತಾಗ ಅಜ್ಜಿ ಬಾಟಲಿ ತಟ್ಟಿ ಸದ್ದು ಮಾಡಿ ಸುಮ್ಮನಾಗಿಸುತ್ತಿದ್ದಳು.

ಮೂರು ವಾರದ ಮೇಲೆ ಅವಳ ಜೊತೆ ಆಸ್ಪತ್ರೆಗೆ ನಾನೂ ಹೋದೆ. ನರ್ಸಮ್ಮ ಬಟ್ಟೆ ಬಿಚ್ಚಿಸಿ ಮಗುವನ್ನು ತೂಕದ ಪೆಟ್ಟಿಗೆಯ ಮೇಲಿಟ್ಟಳು. ಕೆಂಪು ಅಂಕಿ ಕುಣಿದು ಕುಣಿದು ನಿಂತಿತು. ನಾಲ್ಕು ಏಳುನೂರು.

ಮಿಷನ್ನು ಕೆಟ್ಟಿದೆ ಎಂದು ಅವಳು ವಾದಿಸಿದಳು. ನರ್ಸಮ್ಮ ಎರಡು ಸಲ ತೂಗಿದಳು, ಪಾಪ. ದೊಡ್ಡ ಡಾಕ್ಟರು ಕಾಗದದ ಮೇಲೆ ಗೀಟು ಎಳೆದು, ಅವಳತ್ತ ನೋಡದೆಯೇ ಅಂದರು:

"ಹೆರಕ್ಕೆ ಬರತ್ತೆ, ಹಾಲು ಕುಡಿಸಕ್ಕೆ ಬರಲ್ಲ ಇವ್ರಿಗೆ. ನೆಕ್ಸ್ಟ್."

ಅಲ್ಲಿಂದ ಅವಳು ನೇರ ಗೋದಾಮಿಗೆ ಬಂದಳು. ತಕ್ಕಡಿಯವನು ಅಜ್ಜಿಯ ರಟ್ಟಿನ ಕಟ್ಟು ತೂಗುತ್ತಿದ್ದ. ಎಂದಿನಂತೆ ಅವನ ಮತ್ತು ನಮ್ಮ ನಡುವೆ ಚೀಲಗಳ ಅಡ್ಡಗೋಡೆ. ತೂಗುವಾಗ ಆ ಕಡೆಗೆ ಯಾರನ್ನೂ ಅವನು ಬಿಡುತ್ತಿರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಚೀಲಗಳ ಮೇಲೆಯೇ ಹತ್ತಿ ಆ ಕಡೆ ಇಳಿದಳು. ಇಳಿದವಳು ಹಾಗೇ ನಿಂತುಬಿಟ್ಟಳು.

"ಅಜ್ಜೀ, ಬಾ ಇಲ್ಲಿ. ಇವ್ನ ಮಂಡಿ ನೋಡು."

ನಾವೆಲ್ಲ ಇಣುಕಿದೆವು. ಅವನ ಬಲ ಮೊಣಕಾಲು ತಟ್ಟೆಯ ಅಡಿಯಲ್ಲಿತ್ತು, ಕೆಳಗಿನಿಂದ ಮೆಲ್ಲಗೆ ಎತ್ತಿ ಹಿಡಿದಿತ್ತು. ಅಷ್ಟು ವರ್ಷ ನಾವು ನಕ್ಕಿದ್ದ ತುಕ್ಕು ಅದು. ತಕ್ಕಡಿ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅವನಿಲ್ಲದ ಹೊತ್ತಿನಲ್ಲಿ ಅದು ಹೇಳಿದ ನಾಲ್ಕು ಆರುನೂರು ನಿಜವಾಗಿತ್ತು. ಸುಳ್ಳು ಎಂದು ಆಣೆ ಮಾಡಿದವಳು ನಾನು.

ಅವಳು ಅಜ್ಜಿಯ ಕಟ್ಟನ್ನು ತಳ್ಳಿ ಬೀಳಿಸಿ, ತಟ್ಟೆಯ ಮೇಲೆ ಮಗುವನ್ನು ಕೂರಿಸಿ, ಒಂದು ಕೈ ಬೆನ್ನಿಗೆ ಕೊಟ್ಟಳು. ಚೀಲದಿಂದ ಲೋಟ ತೆಗೆದಳು, ಚಮಚ ತೆಗೆದಳು.

"ಇನ್ಮೇಲೆ ಇಲ್ಲೇ ಕುಡಿಸೋದು. ಐದು ಬರೋ ತನಕ ಯಾವ ಬೋಳಿಮಗನೂ ಇದ್ರಲ್ಲಿ ಏನೂ ತೂಗಲ್ಲ."

ಅವನು ತಟ್ಟೆಗೆ ಕೈ ಹಾಕಲು ಬಂದ. ಅಜ್ಜಿ ಅವನೆದುರಿಗೆ ಕಾಲು ಚಾಚಿ ಕೂತಳು. ಅವಳ ಪಕ್ಕ ನಾನು, ನನ್ನ ಪಕ್ಕ ಉಳಿದವರು. ಅವನು ಧಣಿಗೆ ಫೋನು ಮಾಡಿದ. ನಮ್ಮನ್ನು ಬೈದ, ನಮ್ಮ ತಾಯಂದಿರನ್ನು ಬೈದ, ಆಮೇಲೆ ಬೈಗುಳ ಮುಗಿದು ಗೇಟಿನ ಕಡೆ ನೋಡುತ್ತಾ ನಿಂತ.

ಡಾಕ್ಟರುಗಳು ಮತ್ತೆ ಬರಲು ಎಂಟು ತಿಂಗಳಿತ್ತು. ಅದು ಅವಳಿಗೂ ಗೊತ್ತಿತ್ತು.

ಗೇಟಿನ ಬಳಿ ಧಣಿಯ ಕಾರು ನಿಂತ ಸದ್ದಾಯಿತು. ಮಗು ಕೆಮ್ಮಿತು. ಒಂದು ಚಮಚ ಹಾಲು ಅಷ್ಟೂ ಮೂಗಿನಿಂದ ಇಳಿದು ಕಬ್ಬಿಣದ ತಟ್ಟೆಯ ಮೇಲೆ ಹರಿಯಿತು. ಅವಳು ಸೆರಗಿನಿಂದ ಒರೆಸಿ, ಮತ್ತೊಂದು ಚಮಚ ಅದ್ದಿದಳು. ಮೇಲೆ ಮುಳ್ಳು ಐದರ ಈಚೆಗೆ ನಡುಗುತ್ತಲೇ ಇತ್ತು.